ಕಿಟಕಿಯ ಗಾಲಿಗೆ ಒಂದು ಬೆರಳು ಜಾಸ್ತಿ

ಅಲ್ಯೂಮಿನಿಯಂ ಕಿಟಕಿಯಲ್ಲಿ ಇರುವುದಾದರೂ ಏನು? ನಾಲ್ಕು ಪಟ್ಟಿ, ಒಂದು ಗಾಜು, ಕೆಳಗೆ ಎರಡು ಪುಟ್ಟ ಗಾಲಿ. ಗಾಲಿ ಸವೆದರೆ ಹಳೆಯದನ್ನು ತೆಗೆಯಬೇಕು, ಹೊಸದನ್ನು ಹಾಕಬೇಕು. ಇಷ್ಟಕ್ಕೆ ಒಬ್ಬ ಕೆಲಸಗಾರನನ್ನು ಕರೆಸಿ, ಅವನಿಗೆ ಚಹಾ ಕುಡಿಸಿ, ಅವನು ಫೋನಿನಲ್ಲಿ ಇನ್ನೊಂದು ಮನೆಯವರಿಗೆ "ಬಂದೆ, ಬಂದೆ" ಎನ್ನುವುದನ್ನು ಕೇಳುತ್ತ ಕೂಡಬೇಕೇ? ಇದು ಶ್ರಾವಣದ ಆರಂಭದಲ್ಲಿ ನನಗಿದ್ದ ಅಭಿಪ್ರಾಯ. ಶ್ರಾವಣ ಇನ್ನೂ ಮುಗಿದಿಲ್ಲ. ಅಭಿಪ್ರಾಯ ಮುಗಿದಿದೆ!

ನಾನು ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಅಪ್ಪ ಹಾಕಿದ ಅಂಗಡಿ, ಅಪ್ಪ ಹಿಡಿದ ಕತ್ತರಿ. ಮದುವೆ ಸೀರೆಯಿಂದ ಹಿಡಿದು ದಿಂಬಿನ ಗವಸಿನವರೆಗೆ ಎಲ್ಲವನ್ನೂ ಅಳೆದು, ಹರಿದು, ಮಡಚಿ ಕೊಟ್ಟ ಕೈ ನನ್ನದು. ಇಂಥ ಕೈಗೆ ಕಿಟಕಿ ಯಾವ ಲೆಕ್ಕ ಎಂಬ ಧೈರ್ಯ ನನಗಿದ್ದದ್ದು ಸಹಜ.

ಆದರೆ ಈ ಕಿಟಕಿ ಅಂತಿಂಥ ಕಿಟಕಿಯಲ್ಲ. ನಮ್ಮ ಅಡುಗೆಮನೆಯದು. ಅದರ ಎದುರಿಗೆ ಒಂದು ಕಿರಿದಾದ ಸಂದಿ, ಸಂದಿಯ ಆಚೆ ಹಸೀನಾಳ ಅಡುಗೆಮನೆಯ ಕಿಟಕಿ. ನನ್ನ ಹೆಂಡತಿ ಗಿರಿಜಾ ಇಲ್ಲಿಂದ ಕೈ ಚಾಚಿದರೆ ಹಸೀನಾಳ ಕೈ ಸಿಗುತ್ತದೆ. ಹಾಗಂತ ಬಾಗಿಲಿನಿಂದ ಬಾಗಿಲಿಗೆ ಹೋಗುವುದು ಸುಲಭವಲ್ಲ. ನಮ್ಮ ಮುಂಬಾಗಿಲು ಒಂದು ಓಣಿಗೆ, ಅವರದು ಇನ್ನೊಂದು ಓಣಿಗೆ. ಹಿಟ್ಟಿನ ಗಿರಣಿ ದಾಟಿ, ಮಂಡಕ್ಕಿ ಭಟ್ಟಿ ಸುತ್ತು ಹಾಕಿ, ದಾರಿಯಲ್ಲಿ ಸಿಕ್ಕವರೆಲ್ಲರ "ಎಲ್ಲಿಗಿ ಹೊಂಟೀರಿ, ಆ ತಾಟಿನಾಗ ಏನೈತಿ" ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಮುಟ್ಟುವಷ್ಟರಲ್ಲಿ ಬಿಸಿ ಪಲ್ಯ ತಣ್ಣಗಾಗಿರುತ್ತದೆ, ಅರ್ಧ ಖಾಲಿಯೂ ಆಗಿರುತ್ತದೆ.

ಆದ್ದರಿಂದ ಎಲ್ಲ ವ್ಯವಹಾರವೂ ಕಿಟಕಿಯಲ್ಲೇ. ಇಲ್ಲಿಂದ ಶೇಂಗಾ ಚಟ್ನಿ ಹೋದರೆ ಅಲ್ಲಿಂದ ಸೇವಿಗೆ ಬರುತ್ತದೆ. ಮನೆ ಕಟ್ಟಿಸುವಾಗ ಗಿರಿಜಾ ಗ್ರಿಲ್ ಮಾಡುವವನ ಪಕ್ಕದಲ್ಲಿ ನಿಂತು ಹೊರಗಿನ ಗ್ರಿಲ್ಲಿನ ನಡುವಿನ ಒಂದು ಸರಳನ್ನೇ ಬಿಡಿಸಿದ್ದಳು. ಕಳ್ಳ ಬರುತ್ತಾನೆ ಎಂದು ನಾನು ಎಚ್ಚರಿಸಿದ್ದೆ. "ಅಷ್ಟು ಸಂದಿನಾಗ ಬರೋ ಕಳ್ಳ ಹೊಟ್ಟಿಗಿಲ್ಲದವ ಇರ್ತಾನ್ರಿ, ಬಂದ್ರ ಎರಡು ರೊಟ್ಟಿ ಕೊಟ್ಟು ಕಳಸ್ತೀನಿ" ಎಂದಿದ್ದಳು. ಹೋದ ವರ್ಷ ಅವಳಿಗೆ ಆಪರೇಷನ್ ಆಗಿ ಮಲಗಿದ್ದಾಗ ಬೆಳಿಗ್ಗೆ ಬೆಳಿಗ್ಗೆ ಆ ಸಂದಿಯಿಂದಲೇ ಗಂಜಿ ಬರುತ್ತಿತ್ತು. ನಾನು ಕಾಯಿಸಿದ ಗಂಜಿಯನ್ನು ಒಮ್ಮೆ ಕುಡಿದು ಗಿರಿಜಾ ಕಣ್ಣೀರು ಹಾಕಿದ್ದಳು. ಹಸೀನಾಳ ಗಂಜಿ ಕುಡಿದು ಎದ್ದು ಓಡಾಡಿದಳು. ಆ ಕಿಟಕಿಯ ಮೇಲೆ ನನಗೂ ಪ್ರೀತಿ ಇರುವುದು ಈ ಕಾರಣಕ್ಕೆ.

ಇಂಥ ಕಿಟಕಿ ಪಂಚಮಿ ನಾಲ್ಕಾರು ದಿನ ಇದೆ ಎನ್ನುವಾಗ ಕೈಕೊಟ್ಟಿತು! ಮೊದಲೇ ಅದು ಸರಿಯುವಾಗ ಓಣಿಯ ನಾಯಿಗಳೆಲ್ಲ ಎದ್ದು ಕೂರುವಂಥ ಸದ್ದು ಮಾಡುತ್ತಿತ್ತು. ಆಮೇಲೆ ಎತ್ತಿ ಎತ್ತಿ ತಳ್ಳಬೇಕಾಯಿತು. ಒಂದು ಬೆಳಿಗ್ಗೆ ಗಿರಿಜಾ ಎರಡೂ ಕೈ ಕೊಟ್ಟು ಎಳೆದರೂ ಕದ ಮಿಸುಕಲಿಲ್ಲ. ಅಂಗಡಿಗೆ ಹೊರಟಿದ್ದ ನಾನು ಅಡುಗೆಮನೆಗೆ ಇಣುಕಿದರೆ ವಿಚಿತ್ರ ದೃಶ್ಯ. ಗಾಜಿನ ಈಚೆ ಗಿರಿಜಾ, ಆಚೆ ಹಸೀನಾ. ಮುಖಕ್ಕೆ ಮುಖ ಕೊಟ್ಟು ನಿಂತು ಇಬ್ಬರೂ ಮೊಬೈಲಿನಲ್ಲಿ ಮಾತಾಡುತ್ತಿದ್ದರು.

"ನಿನ್ನ ಧ್ವನಿ ಕೇಳ್ತದವ್ವ, ಆದ್ರ ಸಜ್ಜಿ ಹಿಟ್ಟು ಫೋನಿನಾಗ ಹೆಂಗ ಕಳಸ್ಲಿ?" ಎನ್ನುತ್ತಿದ್ದಳು ಗಿರಿಜಾ.

ಸಜ್ಜೆ ಹಿಟ್ಟಿನ ವಿಷಯ ಬಂತೆಂದರೆ ರೊಟ್ಟಿ ಹಬ್ಬ ಹತ್ತಿರ ಬಂತೆಂದು ಅರ್ಥ. ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವ ಮುನ್ನಾದಿನ ಮನೆಮನೆಯಲ್ಲೂ ರೊಟ್ಟಿ ಬಡಿಯುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಅವುಗಳ ಮೇಲೆ ಎಣ್ಣೆಗಾಯಿ, ಕಾಳು ಪಲ್ಯ, ಗುರೆಳ್ಳು ಚಟ್ನಿ. ಮಾಡಿದ್ದನ್ನು ತಾವು ತಿನ್ನುವುದಕ್ಕಿಂತ ಮೊದಲು ನೆರೆಮನೆಗೆ ಕೊಡಬೇಕು. ಕೊಡುವಾಗ ಯಾರ ಮನೆ, ಯಾವ ಮಂದಿ ಎಂದು ಯಾರೂ ನೋಡುವುದಿಲ್ಲ. ಈ ಮನೆಗೆ ಬಂದಂದಿನಿಂದ ಗಿರಿಜಾಳ ಮೊದಲ ರೊಟ್ಟಿ ಆ ಕಿಟಕಿಯಿಂದ ಹಸೀನಾಳಿಗೆ ಹೋಗುತ್ತದೆ. ಹಸೀನಾಳ ಮೊದಲ ರೊಟ್ಟಿ ಅದೇ ಕಿಟಕಿಯಿಂದ ನಮಗೆ ಬರುತ್ತದೆ.

"ನೋಡ್ರಿ, ಈ ಸರ್ತಿ ಮೊದಲನೇ ರೊಟ್ಟಿ ಈ ಕಿಟಕಿನಾಗ ಹೋಗ್ಲಿಲ್ಲ ಅಂದ್ರ ನಾನು ಹಂಚು ಒಲಿ ಮ್ಯಾಲೆ ಇಡಂಗಿಲ್ಲ" ಎಂದಳು ಗಿರಿಜಾ.

ಅವಳು ಹೇಳಿದರೆ ಹೇಳಿದ ಹಾಗೆಯೇ. ರೊಟ್ಟಿ ಹಬ್ಬದ ದಿನ ರೊಟ್ಟಿಯಿಲ್ಲದ ಮನೆ! ಕಿಟಕಿ ಕೂಡಿಸಿದವನಿಗೆ ಫೋನ್ ಮಾಡಿದೆ. ಪಂಚಮಿ ಮುಗಿಯಲಿ, ಹೆಂಡತಿ ತವರಿನಿಂದ ಬರಲಿ, ಆಮೇಲೆ ನೋಡೋಣ ಎಂದ. ಆಗಲೇ ನಾನು ಆ ಐತಿಹಾಸಿಕ ಮಾತನ್ನು ಆಡಿದ್ದು.

"ಅವ ಯಾಕ ಬೇಕು? ನಾನ ಮಾಡ್ತೀನಿ."

ಗಿರಿಜಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗಾಜಿನ ಆಚೆ ಹಸೀನಾ ಫೋನು ಕಿವಿಗೆ ಇಟ್ಟುಕೊಂಡೇ ಇದ್ದಳು. "ಅಕ್ಕಾ, ಅಣ್ಣ ಏನಂದ್ರು? ಖರೇನಾ?" ಎಂದು ಕೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

ಮೊದಲ ಹಂತದ ಚಿಕಿತ್ಸೆಯಾಗಿ ಎಣ್ಣೆ ಬಿಡುವುದೆಂದು ತೀರ್ಮಾನವಾಯಿತು. ತೀರ್ಮಾನಿಸಿದ ಸಮಿತಿಯಲ್ಲಿ ನಾನೊಬ್ಬನೇ ಇದ್ದೆ. ಗಾಣದ ಶೇಂಗಾ ಎಣ್ಣೆಯನ್ನು ಹಳಿಯ ಉದ್ದಕ್ಕೂ ಧಾರಾಳವಾಗಿ ಸುರಿದೆ. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟರೆ ಸರಿಹೋಗುವುದಿಲ್ಲವೇ? ಗಾಡಿಯ ಅಚ್ಚಿಗೆ ಬಿಟ್ಟರೆ ಸರಿಹೋಗುವುದಿಲ್ಲವೇ? ಕಿಟಕಿ ಯಾವ ದೊಡ್ಡ ಮನುಷ್ಯ?

ಸಂಜೆ ಅಂಗಡಿಯಿಂದ ಬಂದಾಗ ಕಿಟಕಿ ನಿಂತಲ್ಲೇ ನಿಂತಿತ್ತು. ಹಳಿಯ ಮೇಲೆ ಮಾತ್ರ ಸಂಚಾರ ಆರಂಭವಾಗಿತ್ತು. ಕೆಂಪಿರುವೆಗಳು! ಕೊಟ್ಟೂರಿನ ಇರುವೆಗಳಷ್ಟೇ ಅಲ್ಲ, ಕೂಡ್ಲಿಗಿ ಕಡೆಯಿಂದಲೂ ಬಂದಿರಬೇಕು ಎನ್ನುವಷ್ಟು ಇದ್ದವು. ಒಂದು ಸಾಲು ಹೋಗುವುದು, ಒಂದು ಸಾಲು ಬರುವುದು, ನಡುವೆ ತಿರುವಿನಲ್ಲಿ ಎರಡೂ ಮೂತಿಗೆ ಮೂತಿ ಮುಟ್ಟಿಸಿ ಮಾತಾಡುವುದು.

"ಇರುವಿಗಿ ಅರಿಷಿಣ ಹಾಕಬೇಕು" ಎಂದೆ ನಾನು.

"ಅದು ಹಬ್ಬಕ್ಕಂತ ಕುಟ್ಟಿಸಿದ ಅರಿಷಿಣ ಐತ್ರಿ" ಎಂದಳು ಗಿರಿಜಾ, ಆದರೆ ಅಷ್ಟರಲ್ಲಿ ಅರ್ಧ ಡಬ್ಬಿ ಹಳಿಯ ಮೇಲೆ ಬಿದ್ದಿತ್ತು. ಇರುವೆ ಹೋದದ್ದು ನಿಜ. ಎಣ್ಣೆ, ಅರಿಷಿಣ, ನಮ್ಮೂರ ಧೂಳು ಮೂರೂ ಸೇರಿ ಬೆಳಗಾಗುವಷ್ಟರಲ್ಲಿ ಗಾಲಿಗಳ ಸುತ್ತ ಮೆತ್ತಿಕೊಂಡು ಗಟ್ಟಿಯಾದದ್ದೂ ನಿಜ. ಹಿಂದಿನ ದಿನ ಆ ಕಿಟಕಿ ಕೆಟ್ಟಿತ್ತು. ಈಗ ಗಾರೆ ಹಾಕಿ ಭದ್ರ ಮಾಡಿದಂತಾಯಿತು.

ಇನ್ನು ಕದಗಳನ್ನು ಬಿಚ್ಚುವುದೊಂದೇ ದಾರಿ. ಕದವನ್ನು ಮೇಲಕ್ಕೆತ್ತಿ, ಕೆಳಭಾಗವನ್ನು ಒಳಗೆ ಎಳೆದುಕೊಂಡರೆ ಅದು ಹೊರಬರುತ್ತದೆ ಎಂದು ಮೊಬೈಲಿನಲ್ಲಿ ಒಬ್ಬ ತೋರಿಸಿದ. ಅವನು ಒಂದೇ ಕೈಯಲ್ಲಿ ತೋರಿಸಿದ. ನಾವು ಗಂಡ ಹೆಂಡತಿ ನಾಲ್ಕು ಕೈ ಹಾಕಿ, ಉಸಿರು ಬಿಗಿಹಿಡಿದು, ಒಬ್ಬರ ಕಾಲು ಒಬ್ಬರು ತುಳಿದು ಅಂತೂ ಎರಡನ್ನೂ ಇಳಿಸಿದೆವು. ಗಾಲಿ ಇರುವುದು ಕೆಳಗಿನ ಪಟ್ಟಿಯ ಹೊಟ್ಟೆಯಲ್ಲಿ. ಪಟ್ಟಿ ಕಳಚಬೇಕಾದರೆ ಗಾಜು ತೆಗೆಯಬೇಕು. ಗಾಜು ತೆಗೆಯಬೇಕಾದರೆ ಸುತ್ತಲಿನ ಕಪ್ಪು ರಬ್ಬರ್ ಪಟ್ಟಿಯನ್ನು ಎಳೆಯಬೇಕು. ಎಳೆದೆ. ಅದು ಸರಸರನೆ ಬಂತು, ಬರುತ್ತಲೇ ಇತ್ತು. ಅದನ್ನು ಸುರುಳಿ ಸುತ್ತಿ ಅರಿಷಿಣದ ಕಿಟಕಿ ಕಟ್ಟೆಯ ಮೇಲೆಯೇ ಇಟ್ಟೆ. ಗಾಜುಗಳಿಗೆ ಕಂಬಳಿ ಹೊದಿಸಿ ಮಂಚದ ಮೇಲೆ ಮಲಗಿಸಿದೆವು. ನಮಗೆ ನೆಲ.

ಆ ಹೊತ್ತಿಗೆ ಮಾಗಳದಿಂದ ನನ್ನ ಸೋದರತ್ತೆ ಹಬ್ಬಕ್ಕೆಂದು ಬಂದಿಳಿದಳು. ಅಪ್ಪನ ಅಕ್ಕ. ಭಕ್ತಿ ಬಹಳ, ಕಣ್ಣು ಕಡಿಮೆ. ನಾನು ಹಿತ್ತಲಲ್ಲಿ ಪಟ್ಟಿಯ ಸ್ಕ್ರೂಗಳೊಂದಿಗೆ ಹೋರಾಡುತ್ತಿದ್ದೆ. ಗಿರಿಜಾ ನೀರು ಹಿಡಿಯಲು ಹೋಗಿದ್ದಳು. ಒಳಗಿನಿಂದ ಅತ್ತೆಯ ಧ್ವನಿ ಕೇಳಿತು.

"ಲೇ ಕೊಟ್ರೇಶಿ, ಚಲೋ ಕೆಲಸ ಮಾಡೀರಿ ನೋಡು. ಈ ವರ್ಷ ನಾಗಪ್ಪನ್ನ ಕಿಟಕ್ಯಾಗ ಇಟ್ಟೀರಿ. ಗಾಳಿ ಬೆಳಕು ಬರ್ತೈತಿ."

ಯಾವ ನಾಗಪ್ಪ ಎಂದುಕೊಂಡು ಒಳಗೆ ಓಡಿದೆ. ಅರಿಷಿಣ ಬಳಿದ ಕಟ್ಟೆ, ಅದರ ಮೇಲೆ ಕರ್ರಗೆ ಸುರುಳಿ ಸುತ್ತಿ ಕೂತ ರಬ್ಬರು, ಅದರ ಮುಂದೆ ಕೈಮುಗಿದು ನಿಂತ ಅತ್ತೆ. ಅವಳ ಕೈಯಲ್ಲಿ ಖಾಲಿ ಚೊಂಬು! ಮನೆಯ ಅಷ್ಟೂ ಹಾಲು ಹಳಿಯಲ್ಲಿತ್ತು.

"ಅತ್ತೀ, ಹಾಲೆರಿಯೋದು ಇನ್ನೂ ಮುಂದ ಐತಲ್ಲ!" ಎಂದೆ.

"ಆ ದಿನ ಗದ್ಲದಾಗ ಮರತ್ರ? ಅದಕ್ಕ ಈಗ್ಲೇ ಎರದ್ಬಿಟ್ಟೆ. ನೀನೂ ಕೈ ಮುಗಿ, ಹಂಗ ನಿಂದ್ರಬ್ಯಾಡ."

ರಬ್ಬರಿಗೆ ಕೈಮುಗಿದೆ. ಅಂದಿನ ಪರಿಸ್ಥಿತಿಯಲ್ಲಿ ಯಾರಾದರೂ ಕಾಪಾಡಿದರೆ ಸಾಕಿತ್ತು. ಹಿಂದಿನಿಂದ ಬಂದ ಗಿರಿಜಾ ಕೊಡ ಇಳಿಸಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಎದುರು ಕಿಟಕಿಯಲ್ಲಿ ಹಸೀನಾ ಮರೆಮಾಚುವ ಗೊಡವೆಗೇ ಹೋಗಲಿಲ್ಲ, ಒಲೆಯ ಪಕ್ಕ ಕುಸಿದು ಕೂತು ನಕ್ಕಳು.

ಹಾಲು ತೊಳೆದು, ಅರಿಷಿಣ ಕೆರೆದು, ಅಂತೂ ಸವೆದ ಗಾಲಿಗಳನ್ನು ಹೊರತೆಗೆದೆ. ನೋಡಿ ಮರುಕ ಬಂತು. ಗುಂಡಗಿರಬೇಕಾದದ್ದು ಒಂದು ಕಡೆ ಚಪ್ಪಟೆಯಾಗಿ ಹೋಗಿತ್ತು. ಇನ್ನು ಹೊಸದು ತರಬೇಕು. ನಮ್ಮೂರಲ್ಲಿ ಆ ಬಗೆಯದು ಮುಗಿದಿತ್ತು, ಹರಪನಹಳ್ಳಿಯಲ್ಲಿ ಸಿಗುತ್ತದೆ ಎಂದರು. ಟೇಪು ತೆಗೆದು ಗಾಲಿಯ ಅಳತೆ ಹಿಡಿದೆ.

ಇಲ್ಲಿ ನಮ್ಮ ಅಂಗಡಿಯ ಪದ್ಧತಿಯೊಂದನ್ನು ವಿವರಿಸುವುದು ಅಗತ್ಯ. ಅಪ್ಪನ ಕಾಲದಿಂದಲೂ ನಾವು ಗಿರಾಕಿ ಕೇಳಿದ್ದಕ್ಕೆ ಒಂದು ಬೆರಳು ಸೇರಿಸಿಯೇ ಕತ್ತರಿ ಇಡುತ್ತೇವೆ. ನೀರಿಗೆ ಬಿದ್ದ ಬಟ್ಟೆ ಕುಗ್ಗುತ್ತದೆ, ದರ್ಜಿಯ ಕತ್ತರಿ ಒಂದಿಷ್ಟು ತಿನ್ನುತ್ತದೆ. ಕಡಿಮೆ ಬಿದ್ದರೆ ಗಿರಾಕಿಯ ಶಾಪ, ಜಾಸ್ತಿಯಾದರೆ ಒಳಗೆ ಮಡಚಿ ಹೊಲಿಯಬಹುದು. ಈ ಒಂದು ಬೆರಳಿನಿಂದಲೇ ನಮ್ಮ ಅಂಗಡಿಗೆ ಹೆಸರು ಬಂದದ್ದು. ಅದೇ ಉದಾರ ಬುದ್ಧಿಯಿಂದ ಗಾಲಿಗೂ ಒಂದು ಬೆರಳು ಸೇರಿಸಿದೆ. ಹಳೆಯ ಗಾಲಿಯನ್ನು ಜೇಬಿಗೆ ಹಾಕಿಕೊಳ್ಳುವುದು ಅನುಭವಸ್ಥನಾದ ನನಗೆ ಅವಮಾನ ಎನಿಸಿತು.

ಹರಪನಹಳ್ಳಿಯ ಅಂಗಡಿಯವನು ಕನ್ನಡಕ ಮೇಲಕ್ಕೇರಿಸಿ ನನ್ನನ್ನು ನೋಡಿದ.

"ಹಳೇ ಗಾಲಿ ತಂದಿದೀರೇನ್ರಿ?"

"ಅಳತಿ ತಂದೀನ್ರಿ" ಎಂದು ಹೇಳಿದೆ.

"ಇಷ್ಟು ದೊಡ್ಡದು ಕಿಟಕಿಗೆ ಹಾಕ್ತಾರಾ? ಏನು, ಕಿಟಕಿನೋ ಕೋಟೆ ಬಾಗಿಲೋ?"

"ನೀವು ಕೊಡ್ರಿ. ಇಪ್ಪತ್ತು ವರ್ಷದಿಂದ ಅಳಿಯೋದ ನನ್ನ ಕೆಲಸ."

"ಏನ್ ಅಳಿತೀರಿ?"

"ಬಟ್ಟಿ."

ಅವನು ಗಂಭೀರವಾಗಿ ಗಾಲಿಗಳನ್ನು ಕಟ್ಟಿಕೊಟ್ಟ. "ಡಬ್ಬಿ ಹರೀಬೇಡಿ ಸಾರ್. ವಾಪಸ್ ತಗೊಂಡು ಬರೋವಾಗ ಹಂಗೇ ಇರ್ಲಿ" ಎಂದ. ನಾನು ವಾಪಸ್ ಬರುವುದು ಅವನ ಮಟ್ಟಿಗೆ ಆಗಲೇ ನಿಶ್ಚಯವಾಗಿತ್ತು.

ಮನೆಗೆ ಬಂದು ಗಾಲಿ ಕೂಡಿಸಿದೆ. ಗಾಜು ಕೂಡಿಸಿದೆ. ನಾಗಪ್ಪನನ್ನೂ ಅವನ ಜಾಗಕ್ಕೆ ಸೇರಿಸಿದೆ. ಕದವನ್ನು ಎತ್ತಿ ಚೌಕಟ್ಟಿಗೆ ಇಡಲು ಹೋದರೆ ಮೇಲಿನ ಕಾಲುವೆಗೆ ತಲೆ ಸಿಕ್ಕಿತು, ಕಾಲು ಕೆಳಗಿನ ಹಳಿಗೆ ಬರಲೊಲ್ಲದು. ಒಂದು ಬೆರಳು ಜಾಸ್ತಿ! ಬಟ್ಟೆಯಾದರೆ ಮಡಚಬಹುದಿತ್ತು. ಗಾಲಿಯನ್ನು ಮಡಚುವುದು ಹೇಗೆ?

ಹೆಂಡತಿಯ ಎದುರಿಗೆ ಇದನ್ನು ಒಪ್ಪಿಕೊಳ್ಳುವುದಾದರೂ ಹೇಗೆ? "ಸ್ವಲ್ಪ ಬಿಗಿ ಐತಿ, ಅಷ್ಟ" ಎಂದೆ. ನೂಕಿದೆ. ಗುದ್ದಿದೆ. ಒಂದು ಮೂಲೆ ಹಳಿಯೊಳಗೆ ಹೋಯಿತು, ಇನ್ನೊಂದು ಹೊರಗೇ ಉಳಿಯಿತು. ಕದ ಓರೆಯಾಗಿ ನಿಂತು ಕಚ್ಚಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ನಮ್ಮ ಪಾಡು ನೋಡಲಾರದೆ ಹಸೀನಾ ತನ್ನ ಗಂಡನನ್ನು ಕರೆದಳು. ಖಾದರ್ ಟ್ರ್ಯಾಕ್ಟರ್ ಮೆಕ್ಯಾನಿಕ್. ಹಿರೇಹಡಗಲಿಯ ತನಕ ಅವನ ಕೈಗುಣಕ್ಕೆ ಹೆಸರಿದೆ. ಆದರೆ ಅವನಿಗೆ ಟ್ರ್ಯಾಕ್ಟರಿಗಿಂತ ಸಣ್ಣ ವಸ್ತು ಕಣ್ಣಿಗೆ ಕಾಣುವುದಿಲ್ಲ. ಸಂದಿಯೊಳಗೆ ಅಡ್ಡಡ್ಡ ನುಗ್ಗಿ ಬಂದು ಗ್ರಿಲ್ಲಿನ ಸಂದಿಯಿಂದ ಕೈ ತೂರಿಸಿದ.

"ಕೊಟ್ರೇಶಣ್ಣ, ಚಿಂತಿ ಬ್ಯಾಡ. ಇದೇನು ದೊಡ್ಡ ಮಾತು? ನೀವು ಒಳಗಿಂದ ಹಿಡೀರಿ, ನಾನು ಹೊರಗಿಂದ ನೋಡ್ತೀನಿ."

ಹಿಡಿದೆ. ಅವನೂ ಹಿಡಿದ. ಇಬ್ಬರೂ ಬೆವರಿದೆವು.

"ಅಣ್ಣಾ, ಬಹುತ್ ಗಟ್ಟಿ ಐತ್ರಿ ಇದು!" ಎಂದ ಖಾದರ್ ಏದುಸಿರು ಬಿಡುತ್ತ.

"ಹೌದಪ್ಪ, ನಾನು ನೂಕಿದಷ್ಟೂ ತಿರುಗಿ ಬರ್ತೈತಿ!" ಎಂದೆ.

"ನನಗೂ ಹಂಗ! ನಾನು ನೂಕಿದಷ್ಟೂ ತಿರುಗಿ ಬರ್ತೈತಿ!"

ಹಸೀನಾ ತನ್ನ ಕಿಟಕಿಯಲ್ಲಿ ಹಣೆ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಅವ್ರು ಹೊರಗ ನೂಕಾಕ ಹತ್ಯಾರ, ನೀವು ಒಳಗ ನೂಕಾಕ ಹತ್ತೀರಿ. ನಡುವ ಕಿಟಕಿ ಏನ್ ಮಾಡಬೇಕ್ರೀ?"

ನಾವಿಬ್ಬರೂ ಒಟ್ಟಿಗೇ ಕೈ ಬಿಟ್ಟೆವು. ಕದ ತಾನಾಗಿಯೇ ಕಳಚಿ ಒಳಗೆ ವಾಲಿತು. ಗಿರಿಜಾ ಓಡಿ ಬಂದು ಭುಜ ಕೊಟ್ಟು ಹಿಡಿಯದಿದ್ದರೆ ಗಾಜು ಅಂದೇ ಪುಡಿಯಾಗುತ್ತಿತ್ತು. ಅವಳು ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. ಆಮೇಲೆ ಸಜ್ಜೆ ಹಿಟ್ಟಿನ ಡಬ್ಬಿಯ ಮುಚ್ಚಳ ಬಿಗಿಮಾಡಿ, ಅದನ್ನು ಮೇಲಿನ ಹಲಗೆಗೆ ಎತ್ತಿಟ್ಟಳು.

ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಬೈಯಲಿಲ್ಲ. "ಇರ್ಲಿ ಬಿಡ್ರಿ, ಒಂದ್ ವರ್ಷ ಹಬ್ಬ ಇಲ್ಲಂದ್ರ ಏನಾತು" ಎಂದು ಬೇರೆ ಕಡೆ ನೋಡುತ್ತ ಹೇಳಿದಳು. ಮರುದಿನವೇ ರೊಟ್ಟಿ ಹಬ್ಬ. ಕದವಿಲ್ಲದ ಕಿಟಕಿಯಿಂದ ರೊಟ್ಟಿ ಕೊಡಬಹುದಲ್ಲ ಎಂದು ನಾನು ಸಲಹೆ ಕೊಟ್ಟೆ. "ಶ್ರಾವಣದ ಮಳಿಗಾಳಿ ಹಂಚಿನ ಮ್ಯಾಲ ಬಡದ್ರ ರೊಟ್ಟಿ ಏಳ್ತಾವೇನಲೇ?" ಎಂದು ಅತ್ತೆ ಮೂಲೆಯಿಂದ ನನ್ನ ಬಾಯಿ ಮುಚ್ಚಿಸಿದಳು. ನನಗೆ ನಿಜಕ್ಕೂ ಬೇಸರವಾಯಿತು. ಗಿರಿಜಾ ಸರಳು ಬಿಡಿಸಿಕೊಂಡು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಬೆರಳಿನಿಂದ ಕೆಡಿಸಿದ್ದೆ.

ಮರುದಿನ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋದೆ. ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಕಟ್ಟೆಯ ಮೇಲೆ ಕೂತಿದ್ದೆ. ಜೇಬಿನಲ್ಲಿ ಹಳೆಯ ಗಾಲಿ, ಕೈಯಲ್ಲಿ ಹರಿಯದ ಡಬ್ಬಿ. ಅಂಗಡಿಯವನು ಬೀಗ ತೆಗೆಯುತ್ತ, "ಬಂದ್ರಾ? ಬರ್ರಿ, ನಿನ್ನೆ ಸಂಜೇನೇ ಬರ್ತೀರಿ ಅಂದ್ಕೊಂಡಿದ್ದೆ" ಎಂದು ಸ್ವಾಗತಿಸಿದ. ಗಾಲಿಯ ಪಕ್ಕ ಗಾಲಿ ಇಟ್ಟು ನೋಡಿ ಕೊಟ್ಟ. ನಾನು ಟೇಪು ಮುಟ್ಟಲಿಲ್ಲ.

ಊರಿಗೆ ಬಂದಾಗ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು. ನಮ್ಮ ಮನೆಯೊಂದು ಮಾತ್ರ ಸುಮ್ಮನಿತ್ತು. ನೇರ ಹಿತ್ತಲಿಗೆ ಹೋಗಿ ಕೂತು ಗಾಲಿ ಹಾಕಿದೆ, ಗಾಜು ಕೂಡಿಸಿದೆ. ಎರಡೂ ಕದಗಳನ್ನು ಸೋಪು ಹಾಕಿ ತಿಕ್ಕಿದೆ. ತಿಕ್ಕಿದ ಮೇಲೆ ನೋಡಿದರೆ ಹೊರಮೈಯನ್ನು ಬಿಸಿಲು ಮಳೆ ತಿಂದು ಬಿಳಿ ಮಚ್ಚೆಗಳು ಎದ್ದಿದ್ದವು. ಒಳಮೈ ಮಾತ್ರ ಬೆಳ್ಳಗೆ ಫಳಫಳ.

ನನ್ನೊಳಗಿನ ವ್ಯಾಪಾರಿ ಎಚ್ಚರಗೊಂಡ. ಬಟ್ಟೆಯ ಚೆಂದದ ಮೈ ಯಾವಾಗಲೂ ಗಿರಾಕಿಯ ಕಡೆಗಿರಬೇಕು, ಉಲ್ಟಾ ಮೈ ನಮ್ಮ ಕಡೆಗೆ. ಇದು ಅಂಗಡಿಯ ಮೊದಲ ಪಾಠ. ಇಷ್ಟು ದಿನ ಪಾಪ ಹಸೀನಾ ನಮ್ಮ ಕಿಟಕಿಯ ಉಲ್ಟಾ ಮೈಯನ್ನೇ ನೋಡಿಕೊಂಡಿದ್ದಳಲ್ಲ! ಹಬ್ಬದ ದಿನವಾದರೂ ಫಳಫಳ ಹೊಳೆಯುವ ಕಡೆ ಅವಳಿಗೆ ಕಾಣಲಿ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ, ಒಳಮೈ ಹೊರಗಾಗುವಂತೆ ತಿರುಗಿಸಿ ಇಟ್ಟೆ. ಅಳತೆ ಮಾಡಿ ಮಾಡಿಸಿದಂತೆ ಕೂತವು! ಬೆರಳ ತುದಿಯಿಂದ ನೂಕಿದೆ. ಕದ ಸದ್ದಿಲ್ಲದೆ ಆ ತುದಿಗೆ ಹೋಗಿ ನಿಂತಿತು. ಇನ್ನೊಮ್ಮೆ ನೂಕಿದೆ. ತಿರುಗಿ ಬಂತು. ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಗಿರಿಜಾ! ಹಂಚು ಇಡು!"

ಗಿರಿಜಾ ಬಂದಳು. ಒಂದು ಬೆರಳಿನಿಂದ ಕದ ಸರಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಗೆ ನೋಡಿದ್ದ ನೆನಪು. ಡಬ್ಬಿ ಹಲಗೆಯಿಂದ ಇಳಿಯಿತು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಎಳ್ಳಿನ ಘಮದೊಂದಿಗೆ, ಮೇಲೆ ಎಣ್ಣೆಗಾಯಿ ಹೊತ್ತು, ಅದು ಗ್ರಿಲ್ಲಿನ ಸಂದಿಯಿಂದ ಆಚೆ ಹೋಯಿತು. ಆಚೆಯಿಂದ ಹಸೀನಾಳ ರೊಟ್ಟಿ ಈಚೆ ಬಂತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತರು. ಅತ್ತೆ ಆ ಕಡೆಗೆ ಕೈಮುಗಿದಳು. ಈ ಸಲ ಯಾಕೆಂದು ನಾನು ಕೇಳಲಿಲ್ಲ.

ಸಂಜೆ ಜಿಟಿಜಿಟಿ ಮಳೆ ಶುರುವಾಯಿತು. ಗಿರಿಜಾ ಕಿಟಕಿ ಮುಚ್ಚಿ ಕೈಯಾಡಿಸಿದಳು. ಮೇಲೆ ಆಡಿಸಿದಳು, ಕೆಳಗೆ ಆಡಿಸಿದಳು.

"ಏನ್ರಿ, ಚಿಲಕ ಎಲ್ಲೈತಿ?"

"ಅಲ್ಲೇ ಐತಿ ನೋಡು, ಎಲ್ಲಿ ಹೊಕ್ಕೈತಿ?"

ಗಾಜಿನ ಆಚೆಯಿಂದ ಹಸೀನಾಳ ಕೂಗು ಕೇಳಿತು. "ಅಕ್ಕಾ, ಚಿಲಕ ಇಲ್ಲೈತಿ! ನಮ್ಮ ಕಡಿ! ಹಾಕ್ಲೇನು?"

ಕೈ ಚಾಚಿ ಹಾಕಿಯೇ ಬಿಟ್ಟಳು. ಚೆಂದದ ಮೈ ಗಿರಾಕಿಯ ಕಡೆಗೆ ತಿರುಗಿಸುವಾಗ ಚಿಲಕವೂ ಆ ಮೈಯಲ್ಲೇ ಇದೆ ಎಂಬುದು ನನಗೆ ಹೊಳೆದಿರಲಿಲ್ಲ! ಅಂದಿನಿಂದ ನಮ್ಮ ಅಡುಗೆಮನೆಯ ಕಿಟಕಿ ತೆರೆಯಬೇಕೆಂದರೆ ನಾವು ಗಾಜು ಬಡಿದು ಹಸೀನಾಳನ್ನು ಕರೆಯಬೇಕು. ಅವಳು ತೆರೆದಾಗ ಗಾಳಿ, ಅವಳು ಹಾಕಿದಾಗ ಕತ್ತಲು. ತಿರುಗಿಸಿ ಹಾಕುತ್ತೇನೆ ಎಂದು ನಾನು ಸ್ಕ್ರೂ ಡ್ರೈವರ್ ಹಿಡಿದು ಬಂದಾಗ ಗಿರಿಜಾ ಕಿಟಕಿಗೆ ಅಡ್ಡ ನಿಂತಳು.

"ಮುಟ್ಟಿದ್ರ ನೋಡ್ರಿ ಮತ್ತ! ನನಗೇನೂ ತ್ರಾಸಿಲ್ಲ. ಹಸೀನಾ ದಿನಾ ಮುಂಜಾನಿ ತಾನ ತೆಗೀತಾಳ. ಮೊದಲೆಲ್ಲ ನಾನ ಎದ್ದು ಎಳೀಬೇಕಿತ್ತು."

ಸರಿ ಎಂದುಕೊಂಡೆ. ಹೊಂದಿಕೊಂಡೂಬಿಟ್ಟೆ. ನನಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತು. ಮೊನ್ನೆ ಮಧ್ಯಾಹ್ನ ಗಿರಿಜಾ ಅತ್ತೆಯನ್ನು ಬಸ್ಸಿಗೆ ಕೂಡಿಸಲು ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ. ಕಿಟಕಿ ಮುಚ್ಚಿದೆ ಎಂದು ಎರಡೆರಡು ಸಲ ನೋಡಿಕೊಂಡು, ಅದಕ್ಕೆ ಬೆನ್ನು ಮಾಡಿ ನಿಂತು, ಡಬ್ಬಿಯ ತಳದಲ್ಲಿ ಉಳಿದಿದ್ದ ಎಳ್ಳುಂಡೆಯೊಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಎರಡನೆಯದು ಕೈಯಲ್ಲಿತ್ತು.

"ಅಣ್ಣಾ, ಅಕ್ಕಗ ಫೋನ್ ಮಾಡ್ಲೇನು?"

ತಿರುಗಿ ನೋಡಿದರೆ ಕದ ಪೂರ್ತಿ ಆ ತುದಿಗೆ ಸರಿದಿತ್ತು. ಹಸೀನಾ ಗ್ರಿಲ್ಲಿನ ಸಂದಿಯಿಂದ ಕೈ ಚಾಚಿ ಉಂಡೆಯನ್ನು ಕೇಳುತ್ತಿದ್ದಳು. ಬಾಯಿ ತುಂಬ ಎಳ್ಳಿಟ್ಟುಕೊಂಡೇ ಬೇಡ ಎಂದು ತಲೆಯಾಡಿಸಿದೆ. ಉಂಡೆಯನ್ನು ಅವಳ ಕೈಗಿಟ್ಟೆ. ಅವಳು ಬೆರಳ ತುದಿಯಿಂದ ಕದ ಮುಚ್ಚಿ ಚಿಲಕ ಹಾಕಿದಳು. ಗಾಲಿ ಎಷ್ಟು ನುಣುಪಾಗಿ ಕೂತಿದೆ ಎಂದರೆ ನಂಬಲಾರಿರಿ, ಒಂದಿಷ್ಟೂ ಸದ್ದಾಗಲಿಲ್ಲ!